ಬೇಸಿಗೆಯಲ್ಲೂ ಬೋಳಾಗದ ಮರಗಳು

ಶಿವರಾತ್ರಿ ಕಳೆದು ಹೋಳಿ ಹುಣ್ಣಿಮೆ ಸಮೀಪಿಸುವ ಹೊತ್ತಿಗೆ ವಿಜಯಪುರದಲ್ಲಿ ಮರಗಳು ಎರಡು ಪಂಗಡಗಳಾಗಿ ನಿಲ್ಲುತ್ತವೆ. ಎಲೆಗಳನ್ನೆಲ್ಲ ಕಳಚಿ ಬರಿಯ ಕೊಂಬೆಗಳನ್ನು ಆಕಾಶಕ್ಕೆ ಚಾಚಿದವು ಒಂದು ಪಂಗಡ. ಹಳೆಯ ಸ್ಮಾರಕಗಳ ಆಸುಪಾಸಿನಲ್ಲಿ ಪ್ರವಾಸಿಗರು ಬಾಯಿ ತೆರೆದು ನೋಡುವ, ಆಫ್ರಿಕ ಮೂಲದ ದೈತ್ಯ ಆನೆಹುಣಸೆ ಮರಗಳು ಇದಕ್ಕೆ ಸೇರಿದವು. ಇನ್ನೊಂದು ಪಂಗಡದ್ದು ಬೇರೆಯೇ ರೀತಿ. ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟಿದರೂ ಹುಣಸೆ, ಮಾವು, ನೇರಳೆ, ಬಕುಳ, ಆಲದ ಮರಗಳು ಹಸಿರು ಕೊಡೆ ಮಡಚುವುದಿಲ್ಲ. ದನಗಳು ಮಲಗುವುದು, ಬಸ್ಸಿಗೆ ಕಾಯುವವರು ನಿಲ್ಲುವುದು, ಕಬ್ಬಿನ ಹಾಲಿನ ಗಾಡಿ ತಂಗುವುದು ಇವುಗಳ ಬುಡದಲ್ಲಿಯೇ.

ಇಂಥ ಮರ ಪ್ರತಿ ಮನೆಯ ಅಂಗಳದಲ್ಲೂ ಒಂದಿದ್ದರೆ? ಆಸೆ ಹೊಸದಲ್ಲ. ಪ್ರತಿವರ್ಷ ಜೂನ್ 5ರ ವಿಶ್ವ ಪರಿಸರ ದಿನದಂದು ಶಾಲೆಗಳಲ್ಲಿ, ಓಣಿಗಳಲ್ಲಿ ಸಸಿಗಳನ್ನು ನೆಡಲಾಗುತ್ತದೆ. ಮಕ್ಕಳು ತಮ್ಮ ಸಸಿಗೆ ಹೆಸರನ್ನೂ ಇಡುತ್ತಾರೆ. ಆದರೆ ಮುಂದಿನ ಮಾರ್ಚ್ ತಿಂಗಳಲ್ಲಿ ಅದೇ ತಗ್ಗಿನಲ್ಲಿ ಒಣಗಿದ ಕಡ್ಡಿಯೊಂದು ನಿಂತಿರುವುದೂ ಅಷ್ಟೇ ಸಾಮಾನ್ಯವಾದ ನೋಟ. ಸತ್ತ ಸಸಿಯ ಬೆಲೆ ಹತ್ತಿಪ್ಪತ್ತು ರೂಪಾಯಿ ಇರಬಹುದು. ಆದರೆ ‘ನಾವು ನೆಟ್ಟದ್ದು ಬದುಕುವುದಿಲ್ಲ’ ಎಂದು ಹತ್ತು ವರ್ಷದ ಮಗು ಕಲಿತುಬಿಟ್ಟರೆ ಆ ನಷ್ಟವನ್ನು ಯಾವ ಲೆಕ್ಕದಲ್ಲಿ ಬರೆಯುವುದು? ಈ ಸಾವುಗಳಲ್ಲಿ ಬಹಳಷ್ಟು ತಪ್ಪಿಸಬಹುದಾದವು. ಅದಕ್ಕೆ ಎಲೆಯ ಸ್ವಭಾವ, ಮಣ್ಣಿನ ಗುಣ, ನೀರಿನ ಲೆಕ್ಕ ಈ ಮೂರನ್ನು ತಿಳಿದಿರಬೇಕು.

ನಿತ್ಯಹಸಿರು ಎಂದರೇನು?

ನಿತ್ಯಹರಿದ್ವರ್ಣದ ಮರವೆಂದರೆ ಎಲೆಯನ್ನೇ ಉದುರಿಸದ ಮರ ಎಂಬ ತಪ್ಪು ತಿಳಿವಳಿಕೆ ಅನೇಕರಲ್ಲಿದೆ. ಮಾವಿನ ಮರದ ಕೆಳಗೆ ದಿನವೂ ಕಸ ಗುಡಿಸುವ ತಾಯಂದಿರು ಇದನ್ನು ಒಪ್ಪಲಾರರು! ಎಲೆ ಯಾವ ಮರದ್ದಾದರೂ ಒಂದು ದಿನ ಉದುರಲೇಬೇಕು. ಬೋಳಾಗುವ ಮರ ಎಲ್ಲ ಎಲೆಗಳನ್ನೂ ಒಂದೇ ಋತುವಿನಲ್ಲಿ ಕಳಚಿ ಕೆಲಕಾಲ ಬರಿಗೈಯಲ್ಲಿ ನಿಲ್ಲುತ್ತದೆ. ನಿತ್ಯಹಸಿರಿನ ಮರ ಹಳೆಯ ಎಲೆಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ, ಅವು ಪೂರ್ತಿ ಹೋಗುವ ಮೊದಲೇ ಹೊಸವು ಬಂದಿರುತ್ತವೆ. ಹಣ್ಣೆಲೆ ಉದುರುವಾಗ ಚಿಗುರೆಲೆ ನಕ್ಕಿತು ಎಂಬ ಗಾದೆ ನಿಜಕ್ಕೂ ಒಪ್ಪುವುದು ಈ ಮರಗಳಿಗೆ. ಹಣ್ಣೆಲೆ ಮತ್ತು ಚಿಗುರೆಲೆ ಒಂದೇ ಕೊಂಬೆಯ ಮೇಲೆ ಒಟ್ಟಿಗೆ ಇರುವುದು ಇವುಗಳಲ್ಲಿಯೇ ಅಲ್ಲವೆ?

ಎರಡರ ನಡುವೆ ಗೆರೆ ಕೊರೆದಂತೇನೂ ಇಲ್ಲ. ಬೇವನ್ನು ನೋಡಿ. ಮಾಘ, ಫಾಲ್ಗುಣದಲ್ಲಿ ಎಲೆ ಹಳದಿಯಾಗಿ ಉದುರುತ್ತದೆ, ಯುಗಾದಿಯ ಹೊತ್ತಿಗೆ ತಾಮ್ರವರ್ಣದ ಚಿಗುರು, ಅದರ ಹಿಂದೆಯೇ ಬೇವು-ಬೆಲ್ಲಕ್ಕೆ ಬೇಕಾದ ಹೂವು. ನೀರು ಸಿಗುವ ಕಡೆ ಬೇವು ಪೂರ್ತಿ ಬೋಳಾಗುವುದೇ ಇಲ್ಲ, ಬರಗಾಲದಲ್ಲಿ ಕೆಲವು ದಿನ ಬೋಳಾಗಿ ನಿಲ್ಲಬಹುದು. ಉತ್ತರ ಕರ್ನಾಟಕದವರು ಹುಲಗಲ ಎನ್ನುವ ಹೊಂಗೆಯೂ ಹೀಗೆಯೇ. ಕೆಲವು ವಾರ ಎಲೆ ಕಳಚಿ, ಏಪ್ರಿಲ್‌ನ ಉರಿಯಲ್ಲಿ ಎಣ್ಣೆ ಹಚ್ಚಿದಂತೆ ಹೊಳೆಯುವ ಹೊಸ ಎಲೆಗಳನ್ನು ಹೊದೆಯುತ್ತದೆ. ಸಸ್ಯಶಾಸ್ತ್ರದ ಪುಸ್ತಕ ಇವನ್ನು ‘ಅರೆ ನಿತ್ಯಹರಿದ್ವರ್ಣ’ ಎಂದು ಕರೆಯಬಹುದು. ಆದರೆ ಮೇ ತಿಂಗಳಲ್ಲಿ ನೆರಳು ಬೇಕಾದವನಿಗೆ ಮಾವಿನಂತೆ ಇವೂ ಆಪ್ತಮಿತ್ರರೇ.

ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರು ಇದರ ಇನ್ನೊಂದು ಸೋಜಿಗವನ್ನು ವರ್ಷವೂ ಕಾಣುತ್ತಾರೆ. ಚಳಿಯ ದೇಶಗಳಲ್ಲಿ ದ್ರಾಕ್ಷಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ರೆ ಹೋಗುತ್ತದೆ. ಇಲ್ಲಿ ಅಂಥ ಚಳಿಯಿಲ್ಲದ ಕಾರಣ ಬಳ್ಳಿ ನಿದ್ರೆಯನ್ನೇ ಮರೆತು ಬೆಳೆಯುತ್ತಲೇ ಇರುತ್ತದೆ. ಆದ್ದರಿಂದಲೇ ಏಪ್ರಿಲ್ ಸುಮಾರಿಗೆ ಒಮ್ಮೆ, ಅಕ್ಟೋಬರ್ ಸುಮಾರಿಗೆ ಒಮ್ಮೆ ಕತ್ತರಿ ಹಿಡಿದು ಚಾಟನಿ ಮಾಡಬೇಕಾಗುತ್ತದೆ. ಎಲೆ ಉದುರುವುದು ಗಿಡದ ವಂಶದಲ್ಲಿ ಮಾತ್ರ ಬರೆದಿಟ್ಟ ಸಂಗತಿಯಲ್ಲ, ಹವಾಮಾನವೂ ಅದಕ್ಕೆ ಸಹಿ ಹಾಕಬೇಕು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಎಲೆಯ ಜಮಾ-ಖರ್ಚು

ಕೆಲವು ಮರಗಳು ಬೋಳಾಗುವುದೇಕೆ, ಕೆಲವು ಆಗದಿರುವುದೇಕೆ? ಎಲೆಯನ್ನು ಒಂದು ಅಂಗಡಿ ಎಂದು ತಿಳಿದರೆ ಉತ್ತರ ಸುಲಭ. ಅಂಗಡಿಯ ವ್ಯಾಪಾರ ದ್ಯುತಿಸಂಶ್ಲೇಷಣೆ. ಗಾಳಿಯ ಇಂಗಾಲದ ಡೈಆಕ್ಸೈಡ್, ಬೇರಿನ ನೀರು ಮತ್ತು ಬಿಸಿಲನ್ನು ಸೇರಿಸಿ ಸಕ್ಕರೆ ಮಾಡುವ ಕೆಲಸ. ಅನಿಲ ಒಳಗೆ ಬರಲು ಎಲೆಯ ಮೇಲೆ ಬರಿಗಣ್ಣಿಗೆ ಕಾಣದ ಬಾಗಿಲುಗಳಿವೆ. ಇವೇ ಪತ್ರರಂಧ್ರಗಳು. ಬಾಗಿಲು ತೆರೆದರೆ ಗಿರಾಕಿ ಬರುತ್ತಾನೆ, ಆದರೆ ಅದೇ ಬಾಗಿಲಿನಿಂದ ನೀರಾವಿ ಹೊರಗೆ ಹೋಗುತ್ತದೆ. ಬಾಗಿಲು ಮುಚ್ಚಿದರೆ ನೀರು ಉಳಿಯುತ್ತದೆ, ವ್ಯಾಪಾರ ನಿಲ್ಲುತ್ತದೆ. ನೀರು ಸಿಗದ ಬೇಸಿಗೆಯಲ್ಲಿ ಅಂಗಡಿ ತೆರೆದಿಡುವುದೇ ನಷ್ಟ ಎಂದು ಕಂಡಾಗ ಬೋಳಾಗುವ ಮರ ಅಂಗಡಿಯನ್ನೇ ಕಿತ್ತುಹಾಕುತ್ತದೆ.

ಕಿತ್ತುಹಾಕುವಾಗಲೂ ಅದು ಜಾಣ. ಎಲೆಯಲ್ಲಿರುವ ಸಾರಜನಕ, ರಂಜಕದಂಥ ಬೆಲೆಬಾಳುವ ಸಾಮಾನುಗಳಲ್ಲಿ ಸಾಕಷ್ಟನ್ನು ಮೊದಲೇ ಕಾಂಡಕ್ಕೆ ಸಾಗಿಸುತ್ತದೆ. ಪತ್ರಹರಿತ್ತು ಒಡೆಯುತ್ತದೆ, ಅಡಗಿದ್ದ ಹಳದಿ ಬಣ್ಣ ಕಾಣುತ್ತದೆ. ಎಲೆ ತೊಟ್ಟಿನ ಬುಡದಲ್ಲಿ ಮೃದು ಜೀವಕೋಶಗಳ ತೆಳ್ಳನೆಯ ಪದರವೊಂದು ಸಡಿಲಗೊಂಡು, ಗಾಳಿ ಸೋಕಿದರೂ ಸಾಕು, ಎಲೆ ಕಳಚಿಕೊಳ್ಳುತ್ತದೆ. ಒಳಗಿನ ಗಾಯಕ್ಕೆ ತೊಗಟೆಯಂಥ ಮುಚ್ಚಳವೂ ಸಿದ್ಧವಾಗಿರುತ್ತದೆ.

ನಿತ್ಯಹಸಿರಿನ ಮರದ ವ್ಯವಹಾರ ಬೇರೆ. ಅದು ಗಟ್ಟಿ ಬಂಡವಾಳ ಹೂಡಿ ಬಹುಕಾಲ ಬಾಳುವ ಎಲೆ ಮಾಡುತ್ತದೆ. ಬಕುಳದ ಎಲೆಯನ್ನೋ ಮಾವಿನ ಎಲೆಯನ್ನೋ ಮಡಚಿ ನೋಡಿ. ತೊಗಲಿನಂತೆ ದಪ್ಪ, ಮೇಲೆ ಮೇಣದ ಲೇಪ. ಜಗಿದರೆ ಒಗರು. ಈ ಒಗರು ಕೀಟಗಳಿಗೆ ಹೇಳುವ ‘ಇಲ್ಲಿ ಬರಬೇಡ’ ಎಂಬ ಮಾತು. ಮಾವಿನ ಎಲೆಯೊಂದು ವರ್ಷಕ್ಕೂ ಹೆಚ್ಚು ಕಾಲ ಮರದ ಮೇಲಿರಬಲ್ಲದು. ಅಷ್ಟು ದಿನ ದುಡಿಸಿಕೊಂಡರೆ ಮಾತ್ರ ಹೂಡಿದ್ದು ಮರಳುತ್ತದೆ. ಬೇಸಿಗೆಯ ಮಧ್ಯಾಹ್ನ ಅದು ಪತ್ರರಂಧ್ರಗಳನ್ನು ಕಿರಿದುಗೊಳಿಸಿ, ಮುಂಜಾನೆಯ ತಂಪಿನಲ್ಲಿಯೇ ಹೆಚ್ಚಿನ ವ್ಯಾಪಾರ ಮುಗಿಸುತ್ತದೆ. ಆದರೂ ಎಲೆ ಇದ್ದ ಮೇಲೆ ನೀರು ಬೇಕೇ ಬೇಕು. ಅದಕ್ಕಾಗಿ ಬೇರು ಆಳಕ್ಕೆ ಇಳಿಯಬೇಕು. ಸಸಿಗೆ ಆ ಆಳದ ಬೇರು ಇರುವುದಿಲ್ಲ. ಎಲೆಯ ಖರ್ಚು ದೊಡ್ಡ ಮರದ್ದು, ಬೇರಿನ ಆದಾಯ ಮಗುವಿನದು. ಮೊದಲ ಎರಡು ಬೇಸಿಗೆಯಲ್ಲಿ ನಿತ್ಯಹಸಿರಿನ ಸಸಿಗಳು ಸಾಯುವುದಕ್ಕೆ ಇದೇ ಮುಖ್ಯ ಕಾರಣ.

ವಿಜಯಪುರದ ಸರಾಸರಿ ವಾರ್ಷಿಕ ಮಳೆ 600 ಮಿಲಿಮೀಟರಿಗಿಂತ ಕಡಿಮೆ. ಅದರಲ್ಲೂ ಸೆಪ್ಟೆಂಬರ್ ತಿಂಗಳದ್ದೇ ದೊಡ್ಡ ಪಾಲು. ಆಗುಂಬೆಯಲ್ಲಿ ಬೀಳುವುದು ಇದರ ಹತ್ತು ಪಟ್ಟಿಗೂ ಹೆಚ್ಚು. ಅಲ್ಲಿ ಕಾಡೇ ನಿತ್ಯಹಸಿರಾಗಿರುವುದು ಸಹಜ. ಇಲ್ಲಿ ಒಂದು ಮರ ಹಾಗಿರಬೇಕಾದರೂ ಮನುಷ್ಯ ಮೊದಲ ಕೆಲವು ವರ್ಷ ಕೈಹಿಡಿಯಬೇಕು.

ನೆರಳು ತಂಪಾಗಿರುವುದೇಕೆ?

ತಗಡಿನ ಚಪ್ಪರದ ನೆರಳಿಗೂ ಬೇವಿನ ನೆರಳಿಗೂ ವ್ಯತ್ಯಾಸವಿದೆ ಎಂದು ಎಲ್ಲರಿಗೂ ಗೊತ್ತು. ತಗಡು ಬಿಸಿಲನ್ನು ತಡೆಯುತ್ತದೆ, ಆದರೆ ತಾನೇ ಕಾದು ಕೆಳಗೆ ಕುಳಿತವರನ್ನು ಬೇಯಿಸುತ್ತದೆ. ಎಲೆ ಹಾಗೆ ಕಾಯುವುದಿಲ್ಲ. ಅದು ಬೆವರುತ್ತದೆ. ಇದನ್ನು ಬಾಷ್ಪವಿಸರ್ಜನೆ ಎನ್ನುತ್ತಾರೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 24 ಲಕ್ಷ ಜೂಲ್ ಶಾಖ ಬೇಕು. ಸಾವಿರ ವಾಟ್‌ನ ವಿದ್ಯುತ್ ಒಲೆಯನ್ನು 40 ನಿಮಿಷ ಉರಿಸಿದಾಗ ಬರುವಷ್ಟು ಶಾಖ ಇದು. ಮರ ಗಾಳಿಗೆ ಬಿಡುವ ಪ್ರತಿ ಲೀಟರ್ ನೀರೂ ಸುತ್ತಲಿನಿಂದ ಅಷ್ಟು ಶಾಖವನ್ನು ಎತ್ತಿಕೊಂಡು ಹೋಗುತ್ತದೆ. ಹೊಗೆಯಿಲ್ಲ, ಸದ್ದಿಲ್ಲ, ಕರೆಂಟಿನ ಬಿಲ್ಲೂ ಇಲ್ಲ.

ಎಲ್ಲಿ ನೆಡಬೇಕೆಂಬುದನ್ನು ಸೂರ್ಯನೇ ಹೇಳುತ್ತಾನೆ. ವಿಜಯಪುರ ಇರುವುದು ಸುಮಾರು 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ಮೊದಲ ವಾರದ ಕೊನೆಗೆ ಮತ್ತು ಆಗಸ್ಟ್ ಮೊದಲ ವಾರದಲ್ಲಿ ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯ ಮೇಲೆಯೇ ಬರುತ್ತಾನೆ. ಆ ಹೊತ್ತಿನಲ್ಲಿ ಮನೆಯ ಗೋಡೆಗಳಿಗೆ ಬಿಸಿಲು ತಾಗದು, ಮಾಳಿಗೆ ಕಾಯುತ್ತದೆ. ಮೂರು ಗಂಟೆಯ ಮೇಲೆ ಪಡುವಣ ಗೋಡೆಗೆ ಏಟು ಬೀಳುತ್ತದೆ. ಹಗಲೆಲ್ಲ ಕಾದ ಗಾಳಿಗೆ ಈ ಗೋಡೆಯ ಕಾವೂ ಸೇರಿ ರಾತ್ರಿ ಹತ್ತಾದರೂ ಕೋಣೆ ಆರುವುದಿಲ್ಲ. ಪರೀಕ್ಷೆಗೆ ಓದುವ ಮಕ್ಕಳಿರುವ ಮನೆಯವರು ಇದನ್ನು ಬಲ್ಲರು. ಆದ್ದರಿಂದ ಒಂದೇ ಮರಕ್ಕೆ ಜಾಗವಿದ್ದರೆ ಅದು ಮನೆಯ ಪಶ್ಚಿಮಕ್ಕಿರಲಿ. ಅದು ಮಾರ್ಚ್, ಏಪ್ರಿಲ್, ಮೇ ತಿಂಗಳಲ್ಲಿ ಬೋಳಾಗದ ಮರವಾಗಿರಲಿ.

ಮಣ್ಣು ನೋಡಿ ಮರ ನೆಡಿ

ಈ ಸೀಮೆಯ ಬುಡದಲ್ಲಿರುವುದು ದಖನ್ನಿನ ಕಪ್ಪು ಬಸಾಲ್ಟ್ ಶಿಲೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಅದು. ಶಿಲೆ ಒಂದೇ ಆದರೂ ಮೇಲಿನ ಮಣ್ಣು ಒಂದೇ ಅಲ್ಲ. ಬಬಲೇಶ್ವರ ತಾಲ್ಲೂಕಿನ ಸಾರವಾಡದ ಕಡೆ ಡೋಣಿ ನದಿಯ ದಂಡೆಗೆ ಆಳವಾದ ಎರಿ ಭೂಮಿ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತು ಹುಟ್ಟಿದ್ದು ಈ ಮಣ್ಣಿನ ಮೇಲೆಯೇ. ತಿಕೋಟಾ ಭಾಗದ ಎತ್ತರದ ನೆಲದಲ್ಲಿ ಹಲವೆಡೆ ಒಂದು ಗೇಣು ಮಣ್ಣಿನ ಕೆಳಗೆ ಗರಸು, ಅದರ ಕೆಳಗೆ ಕಲ್ಲು. ಇದು ಮಡ್ಡಿ. ವಿಜಯಪುರ ನಗರದಲ್ಲಿ ಎರಡೂ ಸಿಗುತ್ತವೆ, ಜೊತೆಗೆ ಹೊಸ ಬಡಾವಣೆಗಳಲ್ಲಿ ಒಡೆದ ಇಟ್ಟಿಗೆ, ಸಿಮೆಂಟಿನ ಚೂರು ತುಂಬಿದ ನೆಲವೂ ಇದೆ.

ಎರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗಿ ಬಿರಿಯುತ್ತದೆ. ಬಿರಿಯುವಾಗ ಸಸಿಯ ನವಿರಾದ ಬೇರುಗಳು ಹರಿದುಹೋಗುತ್ತವೆ. ಸೆಪ್ಟೆಂಬರಿನ ಮಳೆಯಲ್ಲಿ ತಗ್ಗಿನೊಳಗೆ ನೀರು ನಿಂತರೆ ಬೇರಿಗೆ ಉಸಿರಾಡಲು ಗಾಳಿ ಸಿಗದೆ ಕೊಳೆಯುತ್ತದೆ. ಬೇಸಿಗೆಯಲ್ಲಿ ಬಾಯಾರಿ ಸಾಯುವ ಸಸಿಗಳಂತೆ ಮಳೆಗಾಲದಲ್ಲಿ ಮುಳುಗಿ ಸಾಯುವವೂ ಉಂಟು. ಆದ್ದರಿಂದ ಎರಿಯಲ್ಲಿ ಸಸಿಯ ಬುಡ ಸುತ್ತಲಿನ ನೆಲಕ್ಕಿಂತ ತುಸು ಎತ್ತರದಲ್ಲಿರಬೇಕು.

ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ಇನ್ನೊಂದು ಕಾಟ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಅದು ಕರಗಿ ಬೇರಿಗೆ ಸಿಗುವುದಿಲ್ಲ. ಆಗ ಚಿಗುರೆಲೆಯ ನರಗಳು ಮಾತ್ರ ಹಸಿರಾಗಿ ಉಳಿದು ಮಿಕ್ಕದ್ದೆಲ್ಲ ಹಳದಿಯಾಗುತ್ತದೆ. ನೀರು ಸಾಲದೆಂದು ತಿಳಿದು ಇನ್ನಷ್ಟು ನೀರು ಸುರಿದರೆ ರೋಗ ಹೆಚ್ಚುತ್ತದೆ. ಬೇಕಾದದ್ದು ಚೆನ್ನಾಗಿ ಕಳಿತ ಗೊಬ್ಬರ. ಜೊತೆಗೆ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ, ತುಸು ನಿಂಬೆ ರಸ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಬಹುದು.

ಮಡ್ಡಿಯಲ್ಲಿ ಸಮಸ್ಯೆ ತಿರುವುಮುರುವು. ನೀರು ನಿಲ್ಲದು, ಬೇರು ಇಳಿಯದು. ಅಲ್ಲಿ ಗಟ್ಟಿ ಗರಸಿನಲ್ಲಿ ಕಿರಿದಾದ ತಗ್ಗು ತೋಡಿ ಮೆತ್ತನೆಯ ಮಣ್ಣು ತುಂಬಿದರೆ ಅದು ಹೂಕುಂಡವಾಯಿತೇ ಹೊರತು ನೆಲವಾಗಲಿಲ್ಲ. ಬೇರು ಅದರೊಳಗೇ ಸುತ್ತುತ್ತದೆ, ಮೂರನೆಯ ವರ್ಷ ಗಿಡ ಸೊರಗುತ್ತದೆ. ತಗ್ಗು ಅಗಲವಾಗಿರಬೇಕು. ತಳವನ್ನೂ ಬದಿಗಳನ್ನೂ ಹಾರೆಯಿಂದ ಮೀಟಿ ಬಿರುಕು ಮಾಡಬೇಕು. ಆ ಬಿರುಕುಗಳೇ ಬೇರಿನ ದಾರಿ.

ಡೋಣಿಯ ನೀರಿಗೆ ಉಪ್ಪಿನ ಗುಣವಿದೆ. ಆಳದ ಕೊಳವೆಬಾವಿಗಳಲ್ಲೂ ಕೆಲವೆಡೆ ಸವುಳು ನೀರು ಬರುತ್ತದೆ. ಮಾವು, ನಿಂಬೆಗೆ ಉಪ್ಪು ಸೇರದು, ಎಲೆಯ ಅಂಚು ಸುಟ್ಟಂತಾಗುತ್ತದೆ. ಚಿಕ್ಕು, ಹೊಂಗೆ, ಬೇವು ಹೆಚ್ಚು ತಡೆದುಕೊಳ್ಳುತ್ತವೆ. ಸಸಿ ಕೊಳ್ಳುವ ಮೊದಲು ನೀರಿನ ರುಚಿ ನೋಡಿ ಎಂಬುದು ಸಣ್ಣ ಮಾತಲ್ಲ.

ಯಾವ ಮನೆಗೆ ಯಾವ ಮರ?

ಆಲ, ಗೋಣಿಯಂಥ ಮರಗಳು ನಿತ್ಯಹಸಿರಿನ ಅರಸರು. ಆದರೆ ಅರಸನಿಗೆ ಅರಮನೆಯೇ ಬೇಕು. ಶಾಲೆಯ ಮೈದಾನ, ಕೆರೆಯ ದಂಡೆ, ಗುಡಿ-ದರ್ಗಾಗಳ ಬಯಲು ಇವಕ್ಕೆ ತಕ್ಕ ಜಾಗ. 30 ಅಡಿಗೆ 40 ಅಡಿಯ ನಿವೇಶನದಲ್ಲಿ ಇವನ್ನು ನೆಡುವುದೆಂದರೆ ಮುಂದೊಂದು ದಿನ ಕೊಡಲಿಗೆ ಕೆಲಸ ಇಟ್ಟಂತೆ. ಎರಿ ಮಣ್ಣಿನಲ್ಲಿ ಇನ್ನೂ ಒಂದು ಎಚ್ಚರಿಕೆ ಬೇಕು. ದೊಡ್ಡ ಮರ ಬುನಾದಿಯ ಬಳಿಯ ನೀರನ್ನು ಹೀರಿದಾಗ ಮಣ್ಣು ಕುಗ್ಗಿ ಗೋಡೆ ಸೀಳಬಹುದು. ಆದ್ದರಿಂದ ದೊಡ್ಡ ಮರ ಗೋಡೆಯಿಂದ 20-25 ಅಡಿ, ನಡುತರದ್ದು 12-15 ಅಡಿ, ಸಣ್ಣದು 6-8 ಅಡಿ ದೂರವಿರಲಿ. ಮೇಲೆ ವಿದ್ಯುತ್ ತಂತಿ, ಕೆಳಗೆ ನೀರಿನ ಕೊಳವೆ, ಶೌಚದ ಗುಂಡಿ ಇಲ್ಲವೆಂದು ನೋಡಿಕೊಳ್ಳಿ.

ಚಿಕ್ಕ ಹಿತ್ತಲಿಗೆ ನಿಂಬೆಗಿಂತ ಹತ್ತಿರದ ಬಂಧು ಇನ್ನೊಂದಿಲ್ಲ. ಇದೇ ಜಿಲ್ಲೆಯ ಇಂಡಿಯ ನಿಂಬೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆಯಿತು. ನಿಂಬೆ ವರ್ಷವಿಡೀ ಹಸಿರು, ಎರಡಾಳೆತ್ತರಕ್ಕೆ ನಿಲ್ಲುತ್ತದೆ. ಆದರೆ ಬುಡದಲ್ಲಿ ನೀರು ನಿಂತರೆ ಸಹಿಸದು. ಪೇರಲ, ಕರಿಬೇವು ಕೂಡ ಈ ಗುಂಪಿನವು. ಅವಸರವಿದ್ದವರಿಗೆ ಗಸಗಸೆ ಹಣ್ಣಿನ ಮರವಿದೆ. ಎರಡೇ ವರ್ಷದಲ್ಲಿ ನೆರಳು ಕೊಟ್ಟು ಮಕ್ಕಳನ್ನೂ ಹಕ್ಕಿಗಳನ್ನೂ ಕರೆಯುತ್ತದೆ. ಆಯುಸ್ಸು ಕಡಿಮೆ, ಕೊಂಬೆ ಪೆಳಸು. ನಿಧಾನವಾಗಿ ಬೆಳೆಯುವ ಬಕುಳದ ಪಕ್ಕದಲ್ಲಿ ಇದನ್ನು ದಾದಿಯಂತೆ ನೆಟ್ಟು, ಬಕುಳ ಮೇಲೆದ್ದ ಮೇಲೆ ತೆಗೆಯಬಹುದು.

ನಡುತರದ ಅಂಗಳಕ್ಕೆ ಬಕುಳವೇ ಸರಿ. ಒತ್ತಾದ ದುಂಡು ನೆತ್ತಿ, ಒಣಗಿದ ಮೇಲೂ ಕಂಪು ಬಿಡದ ಹೂವು. ತಾಳ್ಮೆಯೊಂದು ಬೇಕು. ಕಸಿ ಮಾಡಿದ ಮಾವು ಮತ್ತು ಚಿಕ್ಕು ಹಣ್ಣನ್ನೂ ನೆರಳನ್ನೂ ಕೊಡುತ್ತವೆ. ಕಸಿಯ ಗಂಟು ಮಣ್ಣಿನಿಂದ ಮೇಲಿರಬೇಕು, ಗಂಟಿನ ಕೆಳಗಿನ ಚಿಗುರನ್ನು ಚಿವುಟುತ್ತಿರಬೇಕು. ವಿಶಾಲವಾದ ಅಂಗಳ, ತೋಟದ ಮನೆಗಳಿಗೆ ಬೇವು, ಹೊಂಗೆ, ಹುಣಸೆ, ನೇರಳೆ. ಇವುಗಳಲ್ಲಿ ಹೊಂಗೆ ದ್ವಿದಳ ವಂಶದ್ದು. ಅದರ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗೊಬ್ಬರ ಮಾಡುತ್ತವೆ. ನೇರಳೆಗೆ ನೀರು ತುಸು ಹೆಚ್ಚು ಬೇಕು, ಹಣ್ಣಿನ ಕಲೆ ಬೀಳುವುದರಿಂದ ವಾಹನ ನಿಲ್ಲಿಸುವ ಕಡೆ ಬೇಡ.

ಕೆಲವು ಹೆಸರುಗಳ ಬಗ್ಗೆ ಎಚ್ಚರ. ಕಂಬದಂತೆ ನೇರ ಏರುವ ಮದ್ರಾಸ್ ಅಶೋಕ ನಿತ್ಯಹಸಿರೇನೋ ಹೌದು, ಆದರೆ ಅದರ ನೆರಳು ಅದಕ್ಕೇ ಸಾಲದು. ನಿಜವಾದ ಸೀತಾ ಅಶೋಕ ತೇವದ ಕಾಡಿನ ಮರ, ಇಲ್ಲಿಯ ಬಿಸಿಗಾಳಿಗೆ ಕಂಗೆಡುತ್ತದೆ. ಬೇಗ ಬೆಳೆಯುತ್ತದೆಂದು ರಸ್ತೆಬದಿಯಲ್ಲಿ ನೆಡಲಾದ ಕೊನೊಕಾರ್ಪಸ್ ಗಿಡವನ್ನು ಪರಿಸರ ಮತ್ತು ಆರೋಗ್ಯದ ಕಾರಣಗಳಿಂದ ಗುಜರಾತ್ ಸರ್ಕಾರ 2023ರಲ್ಲಿ ನಿಷೇಧಿಸಿತು. ಹಸಿರಾಗಿ ಕಂಡದ್ದೆಲ್ಲ ಹಿತವಲ್ಲ.

ತಗ್ಗು, ನೀರು, ಹೊದಿಕೆ

ತಗ್ಗನ್ನು ಮೇ ತಿಂಗಳಲ್ಲೇ ತೋಡಿ ಬಿಸಿಲಿಗೆ ಬಿಡಬೇಕು. ಎರಡು ಅಡಿ ಉದ್ದ, ಅಗಲ, ಆಳ ಸಾಧಾರಣ ಅಳತೆ. ಮಾವಿಗೆ ಮೂರು ಅಡಿ ಲೇಸು. ತೆಗೆದ ಮಣ್ಣಿಗೆ ಕೆರೆಯ ಹೂಳು ಮತ್ತು ಕಳಿತ ತಿಪ್ಪೆಗೊಬ್ಬರ ಬೆರೆಸಿ ತುಂಬಬೇಕು. ಹಸಿ ಸಗಣಿ ಹಾಕಿದರೆ ಗೆದ್ದಲಿಗೆ ಆಮಂತ್ರಣ ಕೊಟ್ಟಂತೆ. ಒಂದೆರಡು ಹದವಾದ ಮಳೆಯಾದ ಮೇಲೆ ಜೂನ್-ಜುಲೈನಲ್ಲಿ, ಸಂಜೆ ಹೊತ್ತು ನೆಡಬೇಕು. ಪ್ಲಾಸ್ಟಿಕ್ ಚೀಲವನ್ನು ಸೀಳಿ ತೆಗೆಯದೆ ಹಾಗೆಯೇ ಹೂಳುವುದು ಇಂದಿಗೂ ಕಾಣುವ ತಪ್ಪು.

ನೀರಿನ ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಬಹುದು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 800 ಚದರ ಅಡಿಯ ಮಾಳಿಗೆ ಎಂದರೆ ಸುಮಾರು 74 ಚದರ ಮೀಟರ್. ವರ್ಷಕ್ಕೆ 550 ಮಿ.ಮೀ. ಮಳೆ ಎಂದು ಹಿಡಿದರೆ ಅದರ ಮೇಲೆ ಬೀಳುವುದು 40,000 ಲೀಟರಿಗೂ ಹೆಚ್ಚು. ಐದರಲ್ಲಿ ಒಂದು ಪಾಲು ವ್ಯರ್ಥವಾದರೂ 32,000 ಲೀಟರ್ ಸಿಕ್ಕೀತು. ಒಂದು ಸಸಿಗೆ ವಾರಕ್ಕೆ 20 ಲೀಟರಿನಂತೆ ನವೆಂಬರಿನಿಂದ ಮೇ ವರೆಗೆ 30 ವಾರ ಕೊಟ್ಟರೂ ಬೇಕಾಗುವುದು 600 ಲೀಟರ್. ಸಂಗ್ರಹದ ತೊಟ್ಟಿ ಇಲ್ಲದವರು ತರಕಾರಿ, ಅಕ್ಕಿ ತೊಳೆದ ನೀರನ್ನು ಉಳಿಸಿದರೂ ದಿನಕ್ಕೆ ಮೂರು ಲೀಟರ್ ಕಷ್ಟವಲ್ಲ. ಮರ ಬೆಳೆಸಲು ನೀರಿಲ್ಲ ಎಂಬ ಮಾತನ್ನು ಈ ಲೆಕ್ಕದ ಮುಂದಿಟ್ಟು ನೋಡಬೇಕು.

ಆದಿಲಶಾಹಿಗಳು ಲೆಕ್ಕ ಬಲ್ಲವರಾಗಿದ್ದರು. ತಿಕೋಟಾ ರಸ್ತೆಯ ತೊರವಿ ಕಡೆಯಿಂದ ನೆಲದಡಿಯ ಸುರಂಗಗಳಲ್ಲಿ ನಗರಕ್ಕೆ ನೀರು ತಂದರು. ಬಬಲೇಶ್ವರ ತಾಲ್ಲೂಕಿನ ಮಮದಾಪುರದಲ್ಲಿ ಮುಹಮ್ಮದ್ ಆದಿಲ್ ಶಾಹನ (1627-1656) ಕಾಲದ ಕೆರೆಗಳಿವೆ. ಒಣನಾಡಿನಲ್ಲಿ ತೋಟವೆಂದರೆ ಮೊದಲು ನೀರು, ಆಮೇಲೆ ಗಿಡ ಎಂಬುದು ಅವರ ಕ್ರಮ. ಇತ್ತೀಚಿನ ವರ್ಷಗಳಲ್ಲಿ ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯಿಂದ ಕೃಷ್ಣೆಯ ನೀರು ಈ ಭಾಗದ ಕೆರೆಗಳಿಗೆ ಬಂದಿರುವುದು ಮರ ಬೆಳೆಸುವವರಿಗೂ ಬಲ ತಂದಿದೆ.

ನೀರು ಕೊಡುವ ರೀತಿಯೂ ಮುಖ್ಯ. ದಿನವೂ ಚೊಂಬು ನೀರು ಚಿಮುಕಿಸಿದರೆ ಮೇಲಿನ ಎರಡು ಬೆರಳು ಮಣ್ಣು ಮಾತ್ರ ನೆನೆದು ಬೇರು ಮೇಲೆಯೇ ಹರಡುತ್ತದೆ. ವಾರಕ್ಕೊಮ್ಮೆ ನಿಧಾನವಾಗಿ ಒಂದೆರಡು ಕೊಡ ಕುಡಿಸಿದರೆ ನೀರು ಆಳಕ್ಕಿಳಿಯುತ್ತದೆ, ಬೇರು ಅದನ್ನು ಹಿಂಬಾಲಿಸುತ್ತದೆ. ಹೆಚ್ಚು ಬಿಸಿಲಿರುವಲ್ಲಿ, ಸುಟ್ಟ ಮಣ್ಣಿನ ಮಡಕೆಯನ್ನು ಸಸಿಯಿಂದ ಒಂದಡಿ ದೂರದಲ್ಲಿ ಕತ್ತಿನವರೆಗೆ ಹೂತು ನೀರು ತುಂಬಿ ಮುಚ್ಚಳವಿಟ್ಟರೆ ಸಾಕು. ನೀರು ಮಡಕೆಯ ಮೈಯಿಂದ ಜಿನುಗುತ್ತ ಬೇರಿಗೆ ಸಿಗುತ್ತದೆ. ಮಣ್ಣು ಒಣಗಿದಷ್ಟೂ ಹೆಚ್ಚು ಜಿನುಗುತ್ತದೆ. ಬುಡದ ಸುತ್ತ ಜೋಳದ ಕಣಿಕೆ, ತೊಗರಿ ಹೊಟ್ಟು ಅಥವಾ ಉದುರಿದ ಎಲೆಗಳನ್ನು ನಾಲ್ಕು ಬೆರಳು ದಪ್ಪ ಹೊದಿಸಿ, ಕಾಂಡಕ್ಕೆ ಮಾತ್ರ ತಾಗಿಸಬಾರದು. ಈ ಹೊದಿಕೆ ಎರಿಯನ್ನು ಬಿರಿಯಲು ಬಿಡುವುದಿಲ್ಲ. ಉದುರೆಲೆಗೆ ಬೆಂಕಿ ಹಚ್ಚುವವರು ಮರದ ಕೈಯಿಂದ ತುತ್ತು ಕಿತ್ತುಕೊಂಡಂತೆಯೇ ಸರಿ.

ಲೆಕ್ಕ ನೆಟ್ಟದ್ದರದಲ್ಲ

2016ರಲ್ಲಿ ಅಂದಿನ ಜಲಸಂಪನ್ಮೂಲ ಸಚಿವರೂ ಬಬಲೇಶ್ವರದ ಶಾಸಕರೂ ಆಗಿದ್ದ ಎಂ.ಬಿ. ಪಾಟೀಲರ ಮುಂದಾಳುತನದಲ್ಲಿ ಜಿಲ್ಲೆಯಲ್ಲಿ ಕೋಟಿ ವೃಕ್ಷ ಅಭಿಯಾನ ಆರಂಭವಾಯಿತು. ಆಗ ಜಿಲ್ಲೆಯ ಅರಣ್ಯ ಪ್ರಮಾಣ ಶೇ 1ನ್ನೂ ಮುಟ್ಟಿರಲಿಲ್ಲ. ರಾಜ್ಯದಲ್ಲಿ ಇಷ್ಟು ಕಡಿಮೆ ಹಸಿರಿರುವ ಜಿಲ್ಲೆಯಲ್ಲಿ ಒಂದು ಕೋಟಿಯ ಗುರಿ ಹಾಕಿಕೊಂಡದ್ದೇ ದೊಡ್ಡ ಮಾತು. ಆದರೆ ಕೋಟಿ ಎಂಬ ಸಂಖ್ಯೆ ಕೂಡುವುದು ಒಂದೊಂದು ಅಂಗಳದಲ್ಲಿ ಬದುಕಿ ಉಳಿದ ಒಂದೊಂದರಿಂದ.

ಸರ್ಕಾರದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಈ ಸತ್ಯವನ್ನು ಚೆನ್ನಾಗಿ ಹಿಡಿದಿದೆ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಿಂದ ರಿಯಾಯಿತಿ ದರದಲ್ಲಿ ಸಸಿ ಪಡೆದು ನೆಟ್ಟ ರೈತನಿಗೆ ಪ್ರೋತ್ಸಾಹಧನ ದೊರೆಯುವುದು ಮೂರು ವರ್ಷಗಳ ಕಾಲ, ಬದುಕಿ ಉಳಿದ ಸಸಿಗಳನ್ನು ಎಣಿಸಿ. ಶಾಲೆಗಳೂ ಹೀಗೆ ಮಾಡಬಾರದೇಕೆ? ಜೂನ್ 5ಕ್ಕೆ ನೆಟ್ಟವರ ಹೆಸರು ಓದುವ ಬದಲು ಮೂರನೆಯ ಜೂನ್ 5ಕ್ಕೆ ಉಳಿಸಿಕೊಂಡವರ ಹೆಸರು ಓದಿದರೆ ಮಕ್ಕಳ ಗಮನ ತಾನೇ ಬುಡದ ಕಡೆ ತಿರುಗುತ್ತದೆ.

2019ರಲ್ಲಿ ಪದ್ಮಶ್ರೀ ಪಡೆದ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಹುಲಿಕಲ್-ಕುದೂರು ನಡುವಿನ ನಾಲ್ಕು ಕಿಲೋಮೀಟರ್ ದಾರಿಯಲ್ಲಿ ಆಲದ ಸಾಲು ಬೆಳೆಸಿದ್ದು ಎಲ್ಲರಿಗೂ ಗೊತ್ತು. ಅವರ ಸಾಧನೆ ಸಸಿ ನೆಟ್ಟಿದ್ದರಲ್ಲಿ ಮಾತ್ರ ಇಲ್ಲ. ಬಿಂದಿಗೆಯಲ್ಲಿ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ, ವರ್ಷಗಟ್ಟಲೆ ಹಿಂತಿರುಗಿ ಬಂದದ್ದರಲ್ಲಿದೆ.

ಪಾಲಕರು ಇನ್ನೊಂದನ್ನೂ ನೆನಪಿಡಬೇಕು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ, ವಿನಾಯಿತಿ ಪಡೆದ ಜಾತಿಗಳ ಹೊರತು, ಸ್ವಂತ ಜಾಗದ ಮರ ಕಡಿಯಲೂ ಅನುಮತಿ ಬೇಕು. ಹತ್ತು ವರ್ಷದ ನಂತರ ತಪ್ಪು ಜಾಗದ ಮರವನ್ನು ಕಡಿಯಲು ಅಲೆಯುವುದಕ್ಕಿಂತ ಇಂದು ಟೇಪು ಹಿಡಿದು ಸರಿಯಾದ ಜಾಗ ಗುರುತಿಸುವುದು ಸುಲಭ.

ಮಾಡಿ ನೋಡಿ

ವಿದ್ಯಾರ್ಥಿಗಳು ರಜೆಯಲ್ಲಿ ಮಾಡಬಹುದಾದ ನಾಲ್ಕು ಸರಳ ಪ್ರಯೋಗಗಳು ಇಲ್ಲಿವೆ.

1. ಮಾವು, ಬೇವು, ನಿಂಬೆ ಮರಗಳಲ್ಲಿ ಆಗತಾನೆ ಬಲಿತ ಹತ್ತತ್ತು ಎಲೆಗಳ ತೊಟ್ಟಿಗೆ ಸಡಿಲವಾಗಿ ಬಣ್ಣದ ದಾರ ಕಟ್ಟಿ ದಿನಾಂಕ ಬರೆದಿಡಿ. ತಿಂಗಳಿಗೊಮ್ಮೆ ಎಷ್ಟು ಉಳಿದಿವೆ ಎಣಿಸಿ. ಎಲೆಯ ಆಯುಸ್ಸು ನಿಮಗೇ ತಿಳಿಯುತ್ತದೆ.

2. ಬಿಸಿಲಿನಲ್ಲಿರುವ ಎಲೆಗೊಂಬೆಯೊಂದಕ್ಕೆ ಪಾರದರ್ಶಕ ಚೀಲ ಕಟ್ಟಿ ಒಂದು ಗಂಟೆ ಬಿಡಿ. ಒಳಗೆ ಕೂಡಿದ ಹನಿಗಳನ್ನು ನೋಡಿ. ಬೆಳಿಗ್ಗೆ ಮತ್ತು ನಡುಮಧ್ಯಾಹ್ನ ಮಾಡಿ ಹೋಲಿಸಿ.

3. ತಗಡಿನ ನೆರಳು, ಮರದ ನೆರಳು ಎರಡರಲ್ಲೂ ಒಂದೇ ಎತ್ತರದಲ್ಲಿ ಉಷ್ಣಮಾಪಕ ತೂಗುಹಾಕಿ, ಮಧ್ಯಾಹ್ನ ಮೂರಕ್ಕೆ ಅಳತೆ ಬರೆಯಿರಿ.

4. ಮೇ ಮೊದಲ ವಾರದಲ್ಲಿ ನೇರವಾದ ಕೋಲೊಂದನ್ನು ನೆಲದಲ್ಲಿ ನಿಲ್ಲಿಸಿ, ಮಧ್ಯಾಹ್ನ 12.20ರಿಂದ 12.30ರ ವರೆಗೆ ಅದರ ನೆರಳನ್ನು ಗಮನಿಸಿ. ನೆರಳು ಮಾಯವಾಗುವ ದಿನ ಯಾವುದು? ಅಂದು ಸಂಜೆ ನಾಲ್ಕಕ್ಕೆ ಮನೆಯ ಯಾವ ಗೋಡೆ ಕಾದಿದೆ? ಆ ಗೋಡೆಯ ಮುಂದೆ ಅಳತೆ ಮಾಡಿ ಒಂದು ಗೂಟ ಹೊಡೆಯಿರಿ.

ತಗ್ಗು ತೋಡಬೇಕಾದದ್ದು ಅಲ್ಲಿಯೇ. ಈ ಮಳೆಗಾಲಕ್ಕೆ ಒಂದೇ ಸಸಿ ಸಾಕು. ಎರಡು ಬೇಸಿಗೆ ಅದನ್ನು ದಾಟಿಸಿದರೆ ಮೂರನೆಯ ಬೇಸಿಗೆಯಿಂದ ಬೇರು ತಾನೇ ದಾರಿ ಹುಡುಕಿಕೊಳ್ಳುತ್ತದೆ. ಇಂದು ಐದನೆಯ ತರಗತಿಯಲ್ಲಿರುವ ಮಗು ಹತ್ತನೆಯ ತರಗತಿಯ ಪರೀಕ್ಷೆಗೆ ಓದಲು ಕೂರುವ ಹೊತ್ತಿಗೆ, ಪಡುವಣ ಕಿಟಕಿಯ ಹೊರಗೆ ಹಸಿರು ನೆರಳೊಂದು ನಿಂತಿರುತ್ತದೆ.